ಆ ಭಾರದ ಬಾಗಿಲಿಗೆ ಕಲ್ಲು ಕೊಟ್ಟವರು ಯಾರು?

ಹೋದ ಸಲದ ಅಂಕಣದಲ್ಲಿ ಒಂದೇ ಒಂದು ಮಾತು ಬರೆದಿದ್ದೆ: ಅಪಾರ್ಟ್‌ಮೆಂಟಿನ ಮೆಟ್ಟಿಲ ಹತ್ತಿರ ಇರುವ, ಬೆಂಕಿ ಹೊಗೆ ತಡೆಯುವ ಫೈರ್ ಡೋರಿಗೆ ಕಲ್ಲು ಕೊಟ್ಟು ತೆರೆದಿಡಬೇಡಿ ಅಂತ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವರು ಕೇಳಿದ್ದಾರೆ, ಕೆಲವರು ಬೈದಿದ್ದಾರೆ. ಬೈದವರದೇ ಮೊದಲು ತೆಗೆದುಕೊಳ್ಳುತ್ತೇನೆ.

ಪ್ರಶ್ನೆ: ನಮ್ಮದು ಏಳು ಮಹಡಿ. ಪ್ರತಿ ಮಹಡಿಯ ಮೆಟ್ಟಿಲಿಗೂ ಕಬ್ಬಿಣದ ಭಾರದ ಬಾಗಿಲು. ಮುಚ್ಚಿದರೆ ಗಾಳಿ ಇಲ್ಲ, ಬೆಳಕಿಲ್ಲ, ವಯಸ್ಸಾದವರಿಗೆ ತಳ್ಳಲು ಆಗಲ್ಲ, ಮಕ್ಕಳ ಬೆರಳು ಸಿಕ್ಕಿಕೊಳ್ಳುತ್ತೆ. ಅದಕ್ಕೇ ಕಲ್ಲು ಇಟ್ಟಿದ್ದೇವೆ. ಬೆಂಕಿ ಬಿದ್ದಾಗ ಮುಚ್ಚಿದರಾಯ್ತಲ್ಲ? ಕೂತಲ್ಲೇ ಉಪದೇಶ ಮಾಡೋದು ಸುಲಭ.
— ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬೈಗುಳ ಒಪ್ಪಿಕೊಂಡೆ. ಕಲ್ಲು ಮಾತ್ರ ತೆಗೀರಿ.

ಬೆಂಕಿ ಬಿದ್ದಾಗ ಮುಚ್ಚೋದು ಯಾರು? ರಾತ್ರಿ ಎರಡು ಗಂಟೆಗೆ ಮೂರನೇ ಮಹಡಿಯ ಮೀಟರ್ ಬೋರ್ಡು ಹೊತ್ತಿಕೊಂಡಿದೆ ಅಂತಿಟ್ಟುಕೊಳ್ಳಿ. ಕರೆಂಟ್ ಹೋಗಿದೆ, ಹೆಂಡತಿ ಮಗುವನ್ನು ಎತ್ತಿಕೊಂಡಿದ್ದಾರೆ, ನೀವು ಅಮ್ಮನ ಕೈ ಹಿಡಿದಿದ್ದೀರಿ. ಆ ಗಡಿಬಿಡಿಯಲ್ಲಿ ಬಗ್ಗಿ ಕಲ್ಲು ಸರಿಸಿ ಬಾಗಿಲು ಎಳೆಯುವವರು ಯಾರು? ಒಬ್ಬರೂ ಇಲ್ಲ. ನಾನೂ ಮಾಡಲ್ಲ.

ಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಹುರಿದಾಗ ಏನಾಗುತ್ತೆ ನೆನಪು ಮಾಡಿಕೊಳ್ಳಿ. ಬಾಣಲೆ ಇರೋದು ಅಡುಗೆಮನೆಯಲ್ಲಿ, ಕೆಮ್ಮೋದು ಪಡಸಾಲೆಯಲ್ಲಿ ಕೂತವರು. ಇನ್ನೊಂದು ನಿಮಿಷಕ್ಕೆ ಮೇಲಿನ ಮನೆಯವರು ಬಾಗಿಲು ತೆರೆದು "ಏನ್ ಹುರಿಯಾಕತ್ತೀರಿ" ಅಂತ ಕೇಳುತ್ತಾರೆ. ಘಾಟು ಸಂದಿ ಹುಡುಕಿಕೊಂಡು ಹೋಯಿತು. ಬೆಂಕಿಯ ಹೊಗೆಗೂ ಅದೇ ದಾರಿ, ಆದರೆ ಅದು ಇನ್ನೂ ಬಿಸಿ, ಇನ್ನೂ ಅವಸರ. ಮೇಲಕ್ಕೇ ಹೋಗುತ್ತೆ. ಬಾಗಿಲಿಗೆಲ್ಲ ಕಲ್ಲು ಕೊಟ್ಟ ನಿಮ್ಮ ಮೆಟ್ಟಿಲು ಏಳು ಮಹಡಿ ಎತ್ತರದ ಒಲೆಯ ಕೊಳವೆ. ಮೆಣಸಿನಕಾಯಿ ಕೆಮ್ಮಿಸಿಯಾದರೂ ಎಚ್ಚರ ಮಾಡುತ್ತೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಮಲಗಿದವರನ್ನು ಹಾಗೇ ಮಲಗಿಸುತ್ತೆ. 2011ರ ಡಿಸೆಂಬರ್ 9ರಂದು ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯಲ್ಲಿ ಬೆಂಕಿ ಹತ್ತಿದ್ದು ನೆಲಮಾಳಿಗೆಯಲ್ಲಿ. ಸತ್ತವರು ಸುಮಾರು 90 ಮಂದಿ, ಅವರಲ್ಲಿ ಹೆಚ್ಚಿನವರು ಮೇಲಿನ ಮಹಡಿಗಳಲ್ಲಿದ್ದ ರೋಗಿಗಳು. ಸುಟ್ಟು ಅಲ್ಲ, ಉಸಿರುಗಟ್ಟಿ.

ಫೈರ್ ಡೋರ್ ಬೆಂಕಿ ಆರಿಸಲ್ಲ. ಅದು ಹೊತ್ತು ಕೊಡುತ್ತೆ, ಅಷ್ಟೇ. 30 ನಿಮಿಷ, 60 ನಿಮಿಷ, 120 ನಿಮಿಷ ಅಂತ ಬಾಗಿಲ ಮೇಲೆ ಬರೆದಿರೋದು ಆ ಲೆಕ್ಕ. ಪರೀಕ್ಷೆ ಹೇಗೆ ಗೊತ್ತಾ? ಚೌಕಟ್ಟು ಸಮೇತ ಬಾಗಿಲನ್ನು ದೊಡ್ಡ ಕುಲುಮೆಯ ಬಾಯಿಗೆ ಕೂರಿಸುತ್ತಾರೆ. ಒಳಗೆ ಬೆಂಕಿ ಏರಿಸುತ್ತಾ ಹೋಗುತ್ತಾರೆ: ಅರ್ಧ ಗಂಟೆಗೆ ಸುಮಾರು 840 ಡಿಗ್ರಿ ಸೆಲ್ಸಿಯಸ್, ಒಂದು ಗಂಟೆಗೆ 945, ಎರಡು ಗಂಟೆಗೆ 1,050ರ ಹತ್ತಿರ. ಹೊರಗೆ ನಿಂತವರ ಕೈಯಲ್ಲಿ ತಂತಿಯ ಚೌಕಟ್ಟಿಗೆ ಸಿಕ್ಕಿಸಿದ ಹತ್ತಿಯ ಒಂದು ತುಂಡು. ಬಾಗಿಲಲ್ಲಿ ಎಲ್ಲಾದರೂ ಸಂದಿ ಬಿಟ್ಟಂತೆ ಕಂಡರೆ ಅಲ್ಲಿಗೆ ಆ ಹತ್ತಿ ಹಿಡಿಯುತ್ತಾರೆ. ಹೊತ್ತಿಕೊಂಡರೆ ಬಾಗಿಲು ಫೇಲ್. ಹತ್ತಿ ವ್ಯಾಪಾರದ ಊರಿನವರಿಗೆ ಈ ಪರೀಕ್ಷೆ ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟೆಲ್ಲ ಪಾಸಾಗಿ ಬಂದ ಬಾಗಿಲನ್ನು ಒಂದು ಸೈಜುಗಲ್ಲು ಸೋಲಿಸಿಬಿಡುತ್ತೆ.

ಈಗ ನಿಮ್ಮ ತಕರಾರುಗಳು. ಅವು ನಿಜವಾದವೇ. ಬಾಗಿಲು ಧಡ್ ಅಂತ ಬಡಿಯುತ್ತೆ, ಬೆರಳು ಸಿಕ್ಕುತ್ತೆ ಅಂದರೆ ತಪ್ಪು ಬಾಗಿಲಿನದಲ್ಲ, ಅದನ್ನು ತಾನಾಗಿ ಎಳೆದು ಮುಚ್ಚಲು ಮೇಲಿರುವ ಡೋರ್ ಕ್ಲೋಸರಿನದು. ಅದರ ಪಕ್ಕದಲ್ಲಿ ಸಾಮಾನ್ಯವಾಗಿ ಎರಡು ಚಿಕ್ಕ ಸ್ಕ್ರೂ ಇರುತ್ತವೆ. ಒಂದು ಬಾಗಿಲು ಬರುವ ವೇಗಕ್ಕೆ, ಇನ್ನೊಂದು ಕೊನೆಯಲ್ಲಿ ಚಿಲಕ ಕೂರುವ ವೇಗಕ್ಕೆ. ಕಾಲು ಸುತ್ತಿಗಿಂತ ಜಾಸ್ತಿ ಒಮ್ಮೆಗೇ ತಿರುಗಿಸಬೇಡಿ. ತಿರುಗಿಸಿ, ಬಿಟ್ಟು ನೋಡಿ, ಮತ್ತೆ ತಿರುಗಿಸಿ. ಸ್ಕ್ರೂ ಪೂರ್ತಿ ಬಿಚ್ಚಿದರೆ ಒಳಗಿನ ಎಣ್ಣೆ ಸೋರಿ ಕ್ಲೋಸರ್ ಗುಜರಿಗೆ ಹೋಗುತ್ತೆ. ಬೆಳಕಿಲ್ಲ ಅಂದರೆ ಬೆಂಕಿ ತಡೆಯುವ ಗಾಜಿನ ಕಿಂಡಿ ಇರುವ ಬಾಗಿಲು ಸಿಗುತ್ತೆ. ತೆರೆದೇ ಇರಬೇಕು ಅಂತ ಹಟ ಇದ್ದರೆ ಅದಕ್ಕೂ ದಾರಿ ಇದೆ. ಗೋಡೆಗೆ ಒಂದು ವಿದ್ಯುತ್ ಅಯಸ್ಕಾಂತ ಹಾಕಿ ಅಲಾರಂಗೆ ಜೋಡಿಸುತ್ತಾರೆ. ಅಲಾರಂ ಹೊಡೆದರೆ ಅಥವಾ ಕರೆಂಟ್ ಹೋದರೆ ಅದು ಬಾಗಿಲನ್ನು ಬಿಟ್ಟುಬಿಡುತ್ತೆ, ಕ್ಲೋಸರ್ ಎಳೆದು ಮುಚ್ಚುತ್ತೆ. ಖರ್ಚು ಇದೆ, ಇಲ್ಲ ಅನ್ನಲ್ಲ. ಗಣಪತಿ ಪೆಂಡಾಲಿಗೆ ಪಟ್ಟಿ ಎತ್ತುವ ಸಂಘ ಇದಕ್ಕೂ ಎತ್ತಬಹುದು ಅಲ್ವಾ?

ಪ್ರಶ್ನೆ: ಫೈರ್ ಡೋರ್ ಮತ್ತು ಎಮರ್ಜೆನ್ಸಿ ಎಕ್ಸಿಟ್ ಎರಡೂ ಒಂದೇನಾ?
— ಕಾಲೇಜು ವಿದ್ಯಾರ್ಥಿನಿ, ಹಾವೇರಿ

ಉತ್ತರ: ಅಲ್ಲ. ಒಂದು ಬೆಂಕಿ ತಡೆಯೋದಕ್ಕೆ, ಇನ್ನೊಂದು ನೀವು ಹೊರಗೆ ಹೋಗೋದಕ್ಕೆ. ಎಷ್ಟೋ ಕಡೆ ಒಂದೇ ಬಾಗಿಲು ಎರಡೂ ಕೆಲಸ ಮಾಡುತ್ತೆ, ಅಲ್ಲೇ ಗೊಂದಲ. ತಡೆಯುವ ಬಾಗಿಲು ಸದಾ ಮುಚ್ಚಿರಬೇಕು, ಆದರೆ ಬೀಗ ಹಾಕಿರಬಾರದು. ಈ ಒಂದು ವ್ಯತ್ಯಾಸ ವಾಚ್‌ಮನ್‌ಗಳಿಗೆ ಯಾರೂ ಹೇಳಿಕೊಡಲ್ಲ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಬಾಲ್ಕನಿಯಲ್ಲಿ ಹೆಚ್ಚುವರಿ ಸೀಟು ಹಾಕಿ ಒಂದು ದಾರಿ ಮುಚ್ಚಿದ್ದರು, ಬಾಗಿಲಿಗೆ ಬೀಗ ಇತ್ತು.

ಪ್ರಶ್ನೆ: ನಾನು ಒಂದು ನರ್ಸಿಂಗ್ ಹೋಂನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. 14 ಫೈರ್ ಡೋರ್ ಇವೆ. ಹಾಕಿದ ಮೇಲೆ ಯಾರೂ ಬಂದು ನೋಡಿಲ್ಲ. ನಾನೇ ಪರೀಕ್ಷೆ ಮಾಡಬಹುದಾ? ಏನು ನೋಡಬೇಕು?
— ಓದುಗರು, ಗದಗ-ಬೆಟಗೇರಿ

ಉತ್ತರ: ಮಾಡಬಹುದು, ಮಾಡಲೇಬೇಕು. ತಜ್ಞರು ವರ್ಷಕ್ಕೊಮ್ಮೆ ಬರಲಿ, ಆದರೆ ದಿನಾ ಆ ಬಾಗಿಲ ಮುಂದೆ ಓಡಾಡುವವರು ನೀವು. ಒಂದು ಟಾರ್ಚು, ಒಂದು ಸ್ಟೀಲ್ ಸ್ಕೇಲು, ಒಂದು ನೋಟ್‌ಬುಕ್ ಸಾಕು. ಬಾಗಿಲಿಗೆ ಐದು ನಿಮಿಷ.

ಮೊದಲು ಬಾಗಿಲಿಗೆ ಕೈ ಹಚ್ಚದೆ ಸುಮ್ನೆ ನಿಂತು ನೋಡಿ. ಮುಚ್ಚಿದೆಯಾ? ಇಲ್ಲವಾದರೆ ಯಾಕೆ? ಕಲ್ಲು, ಆಕ್ಸಿಜನ್ ಸಿಲಿಂಡರ್, ಕಸದ ಬಕೆಟ್, ಹಿಡಿಕೆಗೆ ಕಟ್ಟಿದ ಬ್ಯಾಂಡೇಜು. ನಾನು ಎಲ್ಲವನ್ನೂ ಕಂಡಿದ್ದೇನೆ. ಆಮೇಲೆ ಪೂರ್ತಿ ತೆರೆದು ಬಿಡಿ. ತಾನಾಗಿ ಬಂದು ಕಟಕ್ ಅಂತ ಚಿಲಕ ಕೂರಬೇಕು. ಇನ್ನೊಮ್ಮೆ, ಈ ಸಲ ಬರೀ ಒಂದು ಗೇಣು ತೆರೆದು ಬಿಡಿ. ಇದರಲ್ಲೇ ಹೆಚ್ಚಿನ ಬಾಗಿಲು ಸೋಲುತ್ತವೆ, ಯಾಕೆಂದರೆ ಓಡಿ ಬರುವ ರಭಸ ಇರಲ್ಲ, ಕ್ಲೋಸರಿನ ತಾಕತ್ತೇ ಕೆಲಸ ಮಾಡಬೇಕು. ನಿಮ್ಮ ಊರಿಗೆ ಇದು ಇನ್ನೂ ಮುಖ್ಯ. ಕಪ್ಪತಗುಡ್ಡದ ಮೇಲೆ ಸುಮ್ಮನೆ ಗಾಳಿಯಂತ್ರ ನೆಟ್ಟಿಲ್ಲ. ಆಷಾಢದ ಗಾಳಿಗೆ ಕಾರಿಡಾರಿನ ಕಿಟಕಿ ತೆರೆದಿದ್ದರೆ ಬಾಗಿಲು ಚಿಲಕದ ಹತ್ತಿರ ಬಂದು ಉಸಿರಾಡಿದಂತೆ ತೂಗುತ್ತಾ ನಿಂತುಬಿಡುತ್ತೆ. ಗಾಳಿ ಇರುವ ದಿನವೇ ಪರೀಕ್ಷೆ ಮಾಡಿ.

ಮುಂದಿನದು ಸಂದು. ಬಾಗಿಲಿಗೂ ಚೌಕಟ್ಟಿಗೂ ನಡುವೆ ಮೇಲೆ ಮತ್ತು ಎರಡೂ ಬದಿ 3 ಮಿಲಿಮೀಟರಿನ ಆಸುಪಾಸು ಇರಬೇಕು, 4 ದಾಟಬಾರದು. ಸ್ಕೇಲ್ ತೂರದಿದ್ದರೆ ಒಂದು ರೂಪಾಯಿಯ ಎರಡು ನಾಣ್ಯ ಜೋಡಿಸಿ ಹಿಡಿಯಿರಿ, ಹೆಚ್ಚುಕಡಿಮೆ 3 ಮಿಲಿಮೀಟರ್ ಆಗುತ್ತೆ. ಅವು ಸಲೀಸಾಗಿ ಜಾರಿ ಇನ್ನೂ ಜಾಗ ಉಳಿದರೆ ಬರೆದುಕೊಳ್ಳಿ. ಕೆಳಗಿನ ಸಂದು ತಯಾರಕರು ಹೇಳಿದಷ್ಟಿರಲಿ. ಸಾಮಾನ್ಯವಾಗಿ 8-10 ಮಿಲಿಮೀಟರ್ ಮೀರಬಾರದು, ಹೊಗೆಯನ್ನೂ ತಡೆಯುವ ಬಾಗಿಲಾದರೆ 3.

ಕೆಳಗಿನ ಸಂದಿಯ ಕತೆ ಒಂದು ಹೇಳಲೇಬೇಕು. ಒಂದು ಆಸ್ಪತ್ರೆಯಲ್ಲಿ, ಊರು ಬೇಡ, ಹಳೇ ಮೊಸಾಯಿಕ್ ನೆಲದ ಮೇಲೆಯೇ ಗ್ರಾನೈಟ್ ಹಾಸಿದರು. ನೆಲ ಮೇಲೆ ಬಂತು, ಬಾಗಿಲು ತಿಕ್ಕತೊಡಗಿತು. ಗೌಂಡಿ ಬಡಿಗನನ್ನು ಕರೆದ, ಬಡಿಗ ಗರಗಸ ತಂದ. ಬೇಕಾಗಿದ್ದು ಅರ್ಧ ಇಂಚು, "ಮತ್ತೆ ತಿಕ್ಕಬಾರದು" ಅಂತ ಒಂದೂವರೆ ಇಂಚು ಕೊಯ್ದ. ನಾನು ಹೋದಾಗ ಮುಚ್ಚಿದ ಬಾಗಿಲ ಕೆಳಗೆ ನನ್ನ ಚಪ್ಪಲಿಯ ತುದಿ ಆರಾಮಾಗಿ ಆ ಕಡೆ ಹೋಯಿತು. ಕೊಯ್ದ ಜಾಗದಲ್ಲಿ ಒಳಗಿನ ತಿರುಳು ಬಾಯಿ ಬಿಟ್ಟುಕೊಂಡಿತ್ತು. ಎರಡು ಗಂಟೆಯ ಬಾಗಿಲು ಅಂತ ಬಿಲ್ಲಿನಲ್ಲಿ ಇತ್ತು. ಆ ಬಡಿಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಅದು ಬಾಗಿಲು ಅಷ್ಟೇ. ಹೇಳಬೇಕಾದವರು ಹೇಳಿರಲಿಲ್ಲ.

ಇನ್ನು ಸೀಲ್. ಬಾಗಿಲ ಅಂಚಿನಲ್ಲೋ ಚೌಕಟ್ಟಿನಲ್ಲೋ ಒಂದು ಉದ್ದನೆಯ ತೋಡು ಕೊರೆದು ಬೆರಳಗಲದ ಪಟ್ಟಿ ಕೂರಿಸಿರುತ್ತಾರೆ. ನೋಡಲು ಏನೂ ಅಲ್ಲ. ಆದರೆ ಸುಮಾರು 200 ಡಿಗ್ರಿ ಬಿಸಿ ತಾಗಿದರೆ ಎಣ್ಣೆಗೆ ಬಿದ್ದ ಸಂಡಿಗೆಯ ಹಾಗೆ ಉಬ್ಬಿ ಸಂದಿಯನ್ನು ತುಂಬಿಬಿಡುತ್ತೆ. ಪಟ್ಟಿಯ ಜೊತೆ ಬ್ರಷ್ಷಿನಂಥ ಕೂದಲು ಇದ್ದರೆ ಅದು ತಣ್ಣಗಿನ ಹೊಗೆಗೆ. ಬೆಂಕಿ ದೂರ ಇದ್ದಾಗ ಬರುವ ಹೊಗೆ ಪಟ್ಟಿಯನ್ನು ಉಬ್ಬಿಸುವಷ್ಟು ಬಿಸಿ ಇರಲ್ಲ, ಅದನ್ನು ತಡೆಯೋದು ಈ ಕೂದಲೇ. ಪೇಂಟ್ ಹೊಡೆಯುವವರು ಅದರ ಮೇಲೂ ಬಳಿದು ಗಟ್ಟಿ ಮಾಡಿರುತ್ತಾರೆ. ಕಿತ್ತು ಹೋಗಿದ್ದರೆ, ಗಟ್ಟಿಯಾಗಿದ್ದರೆ ಬದಲಿಸಿ. ಇದು ದೊಡ್ಡ ಖರ್ಚಿನ ಬಾಬತ್ತಲ್ಲ.

ಬಿಜಾಗರಿ ಕನಿಷ್ಠ ಮೂರು, ಎಲ್ಲ ಸ್ಕ್ರೂ ಇರಬೇಕು, ಸ್ಟೀಲಿನವೇ ಆಗಿರಬೇಕು. ಹಳೇದು ಮುರಿದಾಗ ಹಾರ್ಡ್‌ವೇರ್ ಅಂಗಡಿಯಿಂದ ಅಲ್ಯೂಮಿನಿಯಂ ಬಿಜಾಗರಿ ತಂದು ಹಾಕುವವರಿದ್ದಾರೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತೆ. ಅರ್ಧ ಗಂಟೆಗೆ ಕುಲುಮೆ ಎಷ್ಟು ಬಿಸಿ ಅಂತ ಮೇಲೆ ಹೇಳಿದ್ದೇನೆ, ಲೆಕ್ಕ ನೀವೇ ಹಾಕಿ. ಹಳೇ ಬೀಗ ತೆಗೆದ ತೂತು, ವೈರ್ ಎಳೆದ ತೂತು, ಬಿರುಕು ಬಿಟ್ಟ ಗಾಜು, ಬಿಜಾಗರಿ ಕಡೆ ಅಂಚಿನಲ್ಲಿ ತಯಾರಕರ ಫಲಕ ಇದೆಯೋ ಇಲ್ಲವೋ, ಎಲ್ಲ ಬರೆಯಿರಿ. ಪ್ರತಿ ಬಾಗಿಲಿಗೂ ಒಂದು ನಂಬರ್ ಕೊಡಿ, ಇಲ್ಲದಿದ್ದರೆ ಮುಂದಿನ ಸಲ "ಆ ಎಕ್ಸ್‌ರೇ ಕಡೆ ಬಾಗಿಲು" ಅಂತ ಹುಡುಕುತ್ತಾ ಇರುತ್ತೀರಿ.

ಎಷ್ಟು ದಿನಕ್ಕೊಮ್ಮೆ? 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಸುಟ್ಟು 72 ಜನ ಸತ್ತರು. ಕ್ಲೋಸರ್ ಮುರಿದ, ಕ್ಲೋಸರ್ ಕಿತ್ತ ಮನೆ ಬಾಗಿಲುಗಳು ತೆರೆದೇ ಉಳಿದು ಹೊಗೆ ಲಾಬಿಗೆ ನುಗ್ಗಿತ್ತು. ಆಮೇಲೆ ಇಂಗ್ಲೆಂಡಿನಲ್ಲಿ ನಿಯಮ ಬಂತು: 11 ಮೀಟರಿಗಿಂತ ಎತ್ತರದ ವಸತಿ ಕಟ್ಟಡಗಳಲ್ಲಿ ಎಲ್ಲರೂ ಬಳಸುವ ಜಾಗದ ಫೈರ್ ಡೋರುಗಳನ್ನು 3 ತಿಂಗಳಿಗೊಮ್ಮೆ, ಮನೆಗಳ ಮುಂಬಾಗಿಲನ್ನು ವರ್ಷಕ್ಕೊಮ್ಮೆ ನೋಡಬೇಕು ಅಂತ. ನಿಮ್ಮದು ರೋಗಿಗಳಿರುವ ಜಾಗ, ಸ್ಟ್ರೆಚರ್ ದಿನಾ ಗುದ್ದುತ್ತೆ. ಮೂರು ತಿಂಗಳನ್ನು ಗರಿಷ್ಠ ಅಂತ ಇಟ್ಟುಕೊಳ್ಳಿ.

ಪ್ರಶ್ನೆ: ಇಂಟರ್‌ನೆಟ್ ಹುಡುಗರು ಬಂದು ವೈರಿಂಗ್ ಡಕ್ಟ್‌ನ ಸ್ಲ್ಯಾಬ್‌ನಲ್ಲಿ ನೆಲದಿಂದ ಟೆರೇಸ್ ತನಕ ತೂತು ಹೊಡೆದಿದ್ದಾರೆ. ಕೇಳಿದರೆ ಹಳದಿ ಫೋಮ್ ಸ್ಪ್ರೇ ಮಾಡಿ ಹೋದರು. ಇದು ಸಾಕಾ?
— ನಿವೃತ್ತ ಶಿಕ್ಷಕರು, ಸಪ್ತಾಪುರ, ಧಾರವಾಡ

ಉತ್ತರ: ಸಾಲದು ಸರ್. ಆ ಹಳದಿ ಫೋಮ್ ಪಾಲಿಯುರೆಥೇನ್. ಕಿಟಕಿಯ ಚೌಕಟ್ಟಿನ ಸಂದು ತುಂಬಲು ಮಾಡಿದ್ದು. ಅದು ಬೆಂಕಿ ತಡೆಯಲ್ಲ, ಅದೇ ಉರಿಯುತ್ತೆ. ಹೊಗೆ ಬರದಿರಲಿ ಅಂತ ತುಂಬಿದ್ದು ತಾನೇ ಹೊಗೆ ಬಿಡುತ್ತೆ.

ನೀವು ಬಾಗಿಲಿಗಿಂತ ದೊಡ್ಡ ಪ್ರಶ್ನೆ ಕೇಳಿದ್ದೀರಿ. ಬಾಗಿಲು ಕಣ್ಣಿಗೆ ಕಾಣುತ್ತೆ, ತೂತು ಕಾಣಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಶುರುವಾಗಿದ್ದು ವಿದ್ಯುತ್ ಕೇಬಲ್ ಹೋಗುವ ಡಕ್ಟ್‌ನಲ್ಲಿ. ಹೊಗೆ ಅದರಲ್ಲೇ ಮೇಲೇರಿತು. ಮೆಟ್ಟಿಲ ದಾರಿ ಸಿಗದೆ ಕೆಲವರು ಕಿಟಕಿಯಿಂದ ಹಾರಿದರು. 9 ಜನ ಹೋದರು. ಅದಕ್ಕೇ ರಾಷ್ಟ್ರೀಯ ಕಟ್ಟಡ ಸಂಹಿತೆ, ಅಂದರೆ ಎಲ್ಲರೂ ಎನ್‌ಬಿಸಿ ಅನ್ನುವ ದಪ್ಪ ಪುಸ್ತಕ, ಇಂಥ ಕೇಬಲ್ ಡಕ್ಟನ್ನು ಪ್ರತಿ ಮಹಡಿಯಲ್ಲೂ ಮುಚ್ಚಬೇಕು ಅನ್ನುತ್ತೆ. ಆ ಮುಚ್ಚಳಕ್ಕೆ ಆ ಸ್ಲ್ಯಾಬಿನಷ್ಟೇ ಬೆಂಕಿ ತಾಳುವ ಶಕ್ತಿ ಇರಬೇಕು.

ಒಂದು ಕೆಲಸ ಮಾಡಿ. ರಾತ್ರಿ ಮೇಲಿನ ಮಹಡಿಯ ಡಕ್ಟ್ ಬಾಗಿಲು ತೆರೆದು ಒಳಗೆ ಇಣುಕಿ, ಕೆಳಗಿನ ಮಹಡಿಯಲ್ಲಿ ಒಬ್ಬರು ಟಾರ್ಚ್ ಮೇಲಕ್ಕೆ ಹಿಡಿಯಲಿ. ಕೈ ಒಳಗೆ ಹಾಕಬೇಡಿ, ವೈರ್ ಮುಟ್ಟಬೇಡಿ. ಬೆಳಕು ಕಂಡಲ್ಲೆಲ್ಲ ಹೊಗೆ ಬರುತ್ತೆ. ದೊಡ್ಡ ತೂತಿಗೆ ಫೈರ್‌ಸ್ಟಾಪ್ ಗಾರೆ ಅಥವಾ ಲೇಪ ಹಚ್ಚಿದ ರಾಕ್‌ವುಲ್ (ಉರಿಯದ ಕಲ್ಲಿನ ನಾರು) ಹಲಗೆ, ಕೇಬಲ್ ಸುತ್ತ ಬೆಂಕಿಗೆ ಉಬ್ಬುವ ಸೀಲೆಂಟ್. ಪ್ಲಾಸ್ಟಿಕ್ ಕೊಳವೆ ಇದ್ದರೆ ಬೇರೆ ಲೆಕ್ಕ. ಸುತ್ತ ಎಷ್ಟೇ ಚೆನ್ನಾಗಿ ಗಿಲಾವು ಮಾಡಿದರೂ ಪಿವಿಸಿ ಕರಗಿ ಇಳಿದುಹೋಗುತ್ತೆ, ನಾಲ್ಕಿಂಚಿನ ದುಂಡನೆ ಕಿಂಡಿ ಉಳಿಯುತ್ತೆ. ಅದಕ್ಕೆ ಫೈರ್ ಕಾಲರ್ ಅಂತ ಬಳೆಯ ಹಾಗೆ ಬರುತ್ತೆ, ಕೊಳವೆ ಮೆತ್ತಗಾಗುತ್ತಿದ್ದ ಹಾಗೆ ಒಳಗಿನ ಪಟ್ಟಿ ಉಬ್ಬಿ ಕತ್ತು ಹಿಸುಕಿದಂತೆ ಮುಚ್ಚಿಬಿಡುತ್ತೆ. ಇನ್ನು ಮುಂದೆ ಯಾವ ಕಂಪನಿಯವರೇ ಬರಲಿ, ಡಕ್ಟ್‌ನ ಕೀ ಸಂಘದ ಕೈಯಲ್ಲಿರಲಿ. ತೂತು ಹೊಡೆದವರೇ ಮುಚ್ಚಬೇಕು, ಮುಚ್ಚಿದ್ದರ ಫೋಟೋ ತೋರಿಸಿದ ಮೇಲೇ ದುಡ್ಡು. ಹಾಗೇ ಡಕ್ಟ್‌ನೊಳಗೆ ಇಟ್ಟ ಪೊರಕೆ, ಹಳೇ ಪೇಪರ್ ಕಟ್ಟು, ದೀಪಾವಳಿಯ ಸೀರಿಯಲ್ ಸೆಟ್ ಹೊರಗೆ ಹಾಕಿಸಿ. ಇವೆಲ್ಲ ಇವೆ ಅಂತ ನೀವು ಬರೆದಿಲ್ಲ, ಆದರೆ ಇದ್ದೇ ಇರುತ್ತವೆ.

ಪ್ರಶ್ನೆ: ದುರ್ಗದ ಬೈಲ್ ಹತ್ತಿರ ಅಜ್ಜನ ಕಾಲದ ಮನೆ. ಕೆಳಗೆ ಬಟ್ಟೆ ಅಂಗಡಿ, ಮೇಲೆ ನಾವು. ನಡುವೆ ಸಾಗವಾನಿ ಬಾಗಿಲು, ಒಳ್ಳೆ ದಪ್ಪ ಇದೆ. ಫೈರ್ ಡೋರ್ ಮಾರುವವರು ಅದನ್ನು ಕಿತ್ತು ಕಬ್ಬಿಣದ್ದು ಹಾಕಿ ಅನ್ನುತ್ತಾರೆ. ಮನಸ್ಸು ಬರುತ್ತಿಲ್ಲ.
— ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ನನಗೂ ಬರಲ್ಲ. ಮರ ಉರಿಯುತ್ತೆ ಅನ್ನೋದು ಸರಿ, ಆದರೆ ದಪ್ಪ ಮರ ನಿಧಾನವಾಗಿ ಉರಿಯುತ್ತೆ. ಮೇಲ್ಪದರ ಇದ್ದಿಲಾಗುತ್ತೆ, ಆ ಇದ್ದಿಲೇ ಒಳಗಿನ ಮರಕ್ಕೆ ಕಂಬಳಿ. ನಿಮಿಷಕ್ಕೆ ಸುಮಾರು ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ಒಳಗೆ ಹೋಗುತ್ತೆ ಅನ್ನೋದು ಲೆಕ್ಕ. 40 ಮಿಲಿಮೀಟರಿನ ಗಟ್ಟಿ ಮರ ಮುಕ್ಕಾಲು ಗಂಟೆ ತಾಳಬಹುದು.

ಆದರೆ ಹಿಗ್ಗಬೇಡಿ. ನಿಮ್ಮ ಬಾಗಿಲಲ್ಲಿ ಕದದ ಸುತ್ತಲಿನ ಪಟ್ಟಿ ಮಾತ್ರ ಆ ದಪ್ಪ ಇರುತ್ತೆ. ನಡುವಿನ ಕೆತ್ತನೆಯ ಹಲಗೆ ಅಂಚಿನಲ್ಲಿ ತೆಳ್ಳಗಾಗಿ ತೋಡಿನೊಳಗೆ ಕೂತಿರುತ್ತೆ, ಬೆಂಕಿ ಮೊದಲು ತೂರೋದು ಅಲ್ಲೇ. ಎರಡು ಪಡಿಯ, ಅಂದರೆ ಎರಡು ಕದದ ಬಾಗಿಲಾದರೆ ನಡುವೆ ಸಂದು. ಕೆಳಗೆ ಬಟ್ಟೆಯ ಥಾನು ತುಂಬಿರುವಾಗ ಮೇಲೆ ಮಕ್ಕಳು ಮಲಗುವ ಮನೆಗೆ ಇದೊಂದೇ ಸಾಲದು. ಸಾಗವಾನಿ ಬಾಗಿಲು ಇದ್ದಲ್ಲೇ ಇರಲಿ, ಮೆಟ್ಟಿಲ ಇನ್ನೊಂದು ತುದಿಯಲ್ಲಿ ಪರೀಕ್ಷೆಯಾದ ಒಂದು ಬಾಗಿಲು ಹಾಕಿಸಿ. ಅದಕ್ಕಿಂತ ಮೊದಲು, ಇವತ್ತೇ, ಮೆಟ್ಟಿಲ ಮೇಲೆ ಪೇರಿಸಿದ ಮಾಲು ತೆಗೆಸಿ. ನೀವು ಬರೆದಿಲ್ಲ, ಆದರೆ ಯಾವ ಬಟ್ಟೆ ಅಂಗಡಿಯ ಮೆಟ್ಟಿಲು ಖಾಲಿ ಇರುತ್ತೆ ಹೇಳಿ? ರಾತ್ರಿ ಶಟರ್ ಎಳೆದು ಹೊರಗಿನಿಂದ ಬೀಗ ಹಾಕಿದ ಮೇಲೆ ನೀವು ಇಳಿದು ಹೊರಗೆ ಬರೋದು ಹೇಗೆ ಅನ್ನೋದನ್ನೂ ಯೋಚಿಸಿ.

ಪ್ರಶ್ನೆ: ಪೇಟೆಯಲ್ಲಿ ಒಂದೇ ಅಳತೆಯ ಫೈರ್ ಡೋರ್ ಒಬ್ಬರ ಹತ್ತಿರ ಒಂದು ರೇಟು, ಇನ್ನೊಬ್ಬರ ಹತ್ತಿರ ಅರ್ಧ ರೇಟು. ನೋಡಲು ಎರಡೂ ಒಂದೇ. ಹೇಗೆ ನಂಬೋದು?
— ಕಟ್ಟಡ ಗುತ್ತಿಗೆದಾರರು, ಧಾರವಾಡ

ಉತ್ತರ: ಬಾಗಿಲು ನೋಡಬೇಡಿ, ಕಾಗದ ನೋಡಿ. ಐಎಸ್ 3614 ನಮ್ಮ ದೇಶದ ಫೈರ್ ಡೋರ್ ಮಾನಕ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯಂಥ ಪ್ರಯೋಗಾಲಯದ ಪರೀಕ್ಷಾ ವರದಿ ಕೇಳಿ. ಮೊದಲ ಪುಟ ತೋರಿಸಿ ಎತ್ತಿಟ್ಟುಕೊಂಡರೆ ಬಿಡಬೇಡಿ, ಒಳಗಿನ ಪುಟ ಓದಿ. ಪರೀಕ್ಷೆಯಾದ ಅಳತೆ ಎಷ್ಟು, ಒಂದು ಪಡಿಯೋ ಎರಡೋ, ಗಾಜು ಇತ್ತೋ, ಯಾವ ಬಿಜಾಗರಿ, ಯಾವ ಬೀಗ. ಪಾಸಾಗೋದು ಬರೀ ಪಡಿ ಅಲ್ಲ. ಚೌಕಟ್ಟು, ಸೀಲ್, ಬಿಜಾಗರಿ, ಬೀಗ ಎಲ್ಲ ಸೇರಿದ ಸಂಸಾರ. ಪಡಿ ಒಬ್ಬರಿಂದ, ಚೌಕಟ್ಟು ಇನ್ನೊಬ್ಬರಿಂದ ತಂದು ಜೋಡಿಸಿದರೆ ಆ ಕಾಗದಕ್ಕೆ ಬೆಲೆ ಇಲ್ಲ.

ನಿಮಗೇ ಒಂದು ಮಾತು, ಬೇಜಾರಾಗಬೇಡಿ. ಸ್ಟೀಲ್ ಚೌಕಟ್ಟು ಟೊಳ್ಳು ಇರುತ್ತೆ. ತಯಾರಕರು ಅದರೊಳಗೆ ಗಾರೆ ತುಂಬಿ ಅಂದಿದ್ದರೆ ತುಂಬಲೇಬೇಕು. ನಮ್ಮ ಸೈಟುಗಳಲ್ಲಿ ಸಿಮೆಂಟ್ ಚೀಲದ ಕಾಗದ ಉಂಡೆ ಮಾಡಿ ತುರುಕಿ ಮೇಲೆ ಗಿಲಾವು ಸವರಿದ್ದನ್ನು ಬಿಚ್ಚಿ ನೋಡಿದ್ದೇನೆ.

ಪ್ರಶ್ನೆ: ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಒಳಗೆ ಅಷ್ಟು ಚಳಿ, ಇಲ್ಲೇನು ಬೆಂಕಿ ಬೀಳುತ್ತೆ ಅಂತ ಮಾಲೀಕರು ನಗುತ್ತಾರೆ.
— ಓದುಗರು, ಬ್ಯಾಡಗಿ

ಉತ್ತರ: ಚಳಿ ಗಾಳಿಯಲ್ಲಿದೆ, ಗೋಡೆಯಲ್ಲಿ ಅಲ್ಲ. ನಿಮ್ಮ ಗೋಡೆ ಎರಡು ತಗಡಿನ ನಡುವೆ ಫೋಮ್ ತುಂಬಿದ ಪ್ಯಾನೆಲ್ ಆಗಿದ್ದರೆ, ಹೆಚ್ಚಿನವು ಹಾಗೇ, ಬೆಂಕಿ ಆ ಎರಡು ತಗಡಿನ ನಡುವೆ ಹೊರಗೆ ಕಾಣದ ಹಾಗೆ ಹರಿದಾಡುತ್ತೆ. ಮೇಲಿನಿಂದ ನೀರು ಹೊಡೆದರೆ ತಗಡಿಗೆ ಬೀಳುತ್ತೆ, ಬೆಂಕಿಗಲ್ಲ. ಆಮೇಲೆ ಪ್ಯಾನೆಲ್ ಕಳಚಿ ಬೀಳುತ್ತೆ. ಥರ್ಮಾಕೋಲ್ ತುಂಬಿದ್ದಾದರೆ ಕರಗಿ ಹನಿಯುತ್ತೆ. ರಾಕ್‌ವುಲ್ ತುಂಬಿದ್ದು ಸಿಗುತ್ತೆ, ಅದು ಕಲ್ಲಿನ ನಾರು, ಉರಿಯಲ್ಲ. ಆದರೆ ಭಾರ ಜಾಸ್ತಿ, ಅದೇ ದಪ್ಪಕ್ಕೆ ಚಳಿ ಹಿಡಿಯೋದು ಕಡಿಮೆ. ಪೂರ್ತಿ ಬದಲಿಸಲು ಆಗಲ್ಲ ಅಂತ ಗೊತ್ತು. ಮಷಿನ್ ರೂಂ ಮತ್ತು ಕೋಣೆಗಳ ನಡುವೆಯಾದರೂ ಇಟ್ಟಿಗೆ ಗೋಡೆ, ಅದಕ್ಕೆ ಫೈರ್ ಡೋರ್ ಇರಲಿ. ಕೋಲ್ಡ್ ಸ್ಟೋರೇಜಿನ ಜಾರುವ ದಪ್ಪ ಬಾಗಿಲು ಫೈರ್ ಡೋರ್ ಅಲ್ಲ, ಅದರ ಹೊಟ್ಟೆಯಲ್ಲೂ ಅದೇ ಫೋಮ್.

ಬೆಂಕಿ ಎಲ್ಲಿಂದ ಬರುತ್ತೆ ಅಂದಿರಿ. ಪ್ಯಾನೆಲ್ ಕೊರೆದು ನೇರವಾಗಿ ಫೋಮ್‌ನೊಳಗೆ ಎಳೆದ ವೈರು, ಬಾಗಿಲ ಅಂಚಿನ ಹೀಟರ್, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ವೆಲ್ಡಿಂಗ್. ವೈರನ್ನು ಕಬ್ಬಿಣದ ಕೊಳವೆಯಲ್ಲಿ ತೂರಿಸಿ ಸುತ್ತ ಸೀಲ್ ಮಾಡಿಸಿ. ವೆಲ್ಡಿಂಗ್ ಮುಗಿದ ಮೇಲೆ ಒಬ್ಬರು ಕನಿಷ್ಠ ಒಂದು ಗಂಟೆ ಅಲ್ಲೇ ಕೂತು ನೋಡಬೇಕು, ಚಹಾ ಕುಡಿಯಲು ಹೋಗಬಾರದು. ಕಿಡಿ ಫೋಮ್‌ನಲ್ಲಿ ಕೂತು ಸಾವಕಾಶ ಹೊಗೆಯಾಡುತ್ತೆ. ನಗುವ ಮಾಲೀಕರಿಗೆ ಇನ್ಶೂರೆನ್ಸ್ ಪಾಲಿಸಿಯಲ್ಲಿ ಪ್ಯಾನೆಲ್ ಬಗ್ಗೆ ಏನು ಬರೆದಿದೆ ಓದಲು ಹೇಳಿ. ಚೀಲಗಟ್ಟಲೆ ಡಬ್ಬಿ, ಕಡ್ಡಿ ತಳಿಯ ಮೆಣಸಿನಕಾಯಿ ಹೊತ್ತಿಕೊಂಡರೆ ಆ ಘಾಟಿನಲ್ಲಿ ಬೆಂಕಿ ಆರಿಸುವವರು ಒಳಗೆ ಹೋಗೋದು ಹೇಗೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ಗೋದಾಮು ಪೂರ್ತಿ ಕಬ್ಬಿಣದ ಟ್ರಸ್. ಕಬ್ಬಿಣ ಉರಿಯಲ್ಲ, ಫೈರ್ ಪೇಂಟ್ ಯಾಕೆ?
— ಬೀಜದ ವ್ಯಾಪಾರಿ, ರಾಣೆಬೆನ್ನೂರು

ಉತ್ತರ: ಉರಿಯಲ್ಲ, ಬಾಗುತ್ತೆ. 550 ಡಿಗ್ರಿಯ ಹೊತ್ತಿಗೆ ಉಕ್ಕು ಅರ್ಧದಷ್ಟು ಬಲ ಕಳೆದುಕೊಂಡಿರುತ್ತೆ. ಕಮ್ಮಾರನ ಕುಲುಮೆಯಲ್ಲಿ ಕುಡಗೋಲು ಬಗ್ಗಿಸೋದು ನೋಡಿಲ್ವಾ? ಫೈರ್ ಪೇಂಟ್ ಬಿಸಿಗೆ ಉಬ್ಬಿ ಆ ಬಿಸಿ ಉಕ್ಕಿಗೆ ತಾಗೋದನ್ನು ತಡಮಾಡುತ್ತೆ. ಹೊಡೆಸುವುದಾದರೆ ಕೋಟಿಂಗಿನ ದಪ್ಪ ಮೈಕ್ರಾನ್ ಲೆಕ್ಕದಲ್ಲಿ ಅಳೆಸಿ ದುಡ್ಡು ಕೊಡಿ. ಎರಡು ಕೈ ಬಳಿದು ಫೈರ್ ಪೇಂಟ್ ಅಂದರೆ ಅದು ಬಣ್ಣ ಅಷ್ಟೇ.

ಪ್ರಶ್ನೆ: ಪಿಜಿಯಲ್ಲಿದ್ದೇನೆ. ಪ್ಲೈವುಡ್ ಗೋಡೆ, ಒಂದೇ ಮೆಟ್ಟಿಲು, ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ, ಕಿಟಕಿಗೆ ಗ್ರಿಲ್. ಓನರ್ ಏನೂ ಮಾಡಲ್ಲ. ನಾನು ಏನು ಮಾಡಬಹುದು?
— ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಧಾರವಾಡ

ಉತ್ತರ: ಆಗೋದಾದರೆ ಬೇರೆ ಪಿಜಿ ನೋಡಿ. ಆಗದಿದ್ದರೆ: ಬಾಗಿಲು ಮುಚ್ಚಿ ಮಲಗಿ. ಸಾದಾ ಬಾಗಿಲಾದರೂ ಮುಚ್ಚಿದ್ದಕ್ಕೂ ತೆರೆದಿದ್ದಕ್ಕೂ ಅಜಗಜಾಂತರ. ಗೇಟಿನ ಇನ್ನೊಂದು ಕೀ ಒಳಗಡೆ ಎಲ್ಲರಿಗೂ ಗೊತ್ತಿರುವ ಮೊಳೆಗೆ ನೇತುಹಾಕಿರಬೇಕು ಅಂತ ಹತ್ತು ಜನ ಸೇರಿ ಓನರ್ ಹತ್ತಿರ ಹೋಗಿ, ಒಬ್ಬರೇ ಹೋಗಬೇಡಿ. ಒಂದು ಗ್ರಿಲ್ ಆದರೂ ಬಿಜಾಗರಿ ಹಾಕಿ ತೆರೆಯುವ ಹಾಗೆ ಮಾಡಿಸಲಿ. ನಿಮ್ಮ ರೂಮಿನಿಂದ ಮೆಟ್ಟಿಲಿಗೆ ಎಷ್ಟು ಬಾಗಿಲು ಅಂತ ಇವತ್ತೇ ಎಣಿಸಿಡಿ. ಹೊಗೆಯಲ್ಲಿ ಕಣ್ಣು ಕಾಣಲ್ಲ, ಗೋಡೆ ಸವರಿಕೊಂಡು ತೆವಳಿ ಹೋಗುವಾಗ ಎಣಿಕೆ ಬೇಕಾಗುತ್ತೆ. ಹೊರಗೆ ಹೋಗಲು ಆಗದಿದ್ದರೆ ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಒದ್ದೆ ಟವೆಲ್ ತುರುಕಿ, ಕಿಟಕಿ ಹತ್ತಿರ ಬನ್ನಿ, 112ಕ್ಕೋ 101ಕ್ಕೋ ಫೋನ್ ಮಾಡಿ ಯಾವ ಮಹಡಿ, ಯಾವ ಕಡೆಯ ಕಿಟಕಿ ಅಂತ ಹೇಳಿ.

ಪ್ರಶ್ನೆ: ನಮ್ಮ ಶಾಲೆಯ ಲ್ಯಾಬ್ ಬಾಗಿಲಿನ ಗಾಜಿನೊಳಗೆ ತಂತಿಯ ಬಲೆ ಇದೆ. ಕಳ್ಳರು ಬರಬಾರದು ಅಂತಾನಾ?
— 8ನೇ ತರಗತಿ ವಿದ್ಯಾರ್ಥಿ, ಗದಗ

ಉತ್ತರ: ಎಲ್ಲರಿಗಿಂತ ಒಳ್ಳೆ ಪ್ರಶ್ನೆ ನಿನ್ನದು. ಅದು ಬೆಂಕಿಗೆ. ಸಾದಾ ಗಾಜು ಬಿಸಿ ತಾಗಿದರೆ ಕೆಲವೇ ನಿಮಿಷದಲ್ಲಿ ಸೀಳಿ ಬಿದ್ದುಹೋಗುತ್ತೆ, ಆ ಕಿಂಡಿಯಿಂದ ಬೆಂಕಿ, ಹೊಗೆ ಆಚೆ ಬರುತ್ತೆ. ತಂತಿ ಇರುವ ಗಾಜೂ ಸೀಳುತ್ತೆ, ಆದರೆ ಚೂರುಗಳನ್ನು ತಂತಿ ಹಿಡಿದು ನಿಲ್ಲಿಸುತ್ತೆ. ಹೊಲಿಗೆ ಹಾಕಿದ ಹರಿದ ಅಂಗಿಯ ಹಾಗೆ. ಆದರೆ ಈ ಗಾಜು ಗಟ್ಟಿ ಅಂತ ತಿಳಿಯಬೇಡ. ಬಾಲ್ ತಾಗಿದರೆ ಸಾದಾ ಗಾಜಿನಂತೆಯೇ ಒಡೆಯುತ್ತೆ, ತೂತಿನಲ್ಲಿ ಕೈ ಹಾಕಿದರೆ ಚೂರಿನ ಜೊತೆ ತಂತಿಯೂ ಕೊಯ್ಯುತ್ತೆ. ಈಗಾಗಲೇ ಬಿರುಕು ಬಿಟ್ಟಿದ್ದರೆ ನಿಮ್ಮ ಸೈನ್ಸ್ ಸರ್‌ಗೆ ತೋರಿಸು. ಲ್ಯಾಬ್ ಬಾಗಿಲಿಗೆ ಯಾರಾದರೂ ಬೆಂಚು ಅಡ್ಡ ಇಟ್ಟಿದ್ದಾರಾ ಅಂತಾನೂ ನೋಡಿ ನನಗೆ ಬರೆ.